ಪದ ಬೇಕು: ಸಿಂಗರ್-ಸಾಂಗ್‌ರೈಟರ್, ಅಕೂಸ್ಟಿಕ್, ಇಂಡಿ ಫೋಕ್ (ನಾಳೆ ಪ್ರೆಸ್ಸಿಗೆ ಹೋಗಬೇಕು)

ಗೆಳೆಯರೇ,

ಸೋಮವಾರ ಈ ಬಳಗದಲ್ಲಿ ನಾನು ಕೇಳಿದ್ದು ಮೇಲಿನ ಮೂರು ಇಂಗ್ಲಿಷ್ ಪದಗಳಿಗೆ ಕನ್ನಡ, ಅಷ್ಟೇ. ಇವತ್ತಿಗೆ ನಲವತ್ತಕ್ಕೂ ಜಾಸ್ತಿ ಓಲೆ ಬಂದಿವೆ. ಕೊನೆಯ ಇಪ್ಪತ್ತರಲ್ಲಿ ನನ್ನ ಪದಗಳ ಸುದ್ದಿಯೇ ಇಲ್ಲ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಚಾಮರಾಜಪೇಟೆಯ ಪ್ರೆಸ್ಸಿಗೆ ಕೊಡಬೇಕು. ಅದಕ್ಕೇ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ಈಗಷ್ಟೇ ಚರ್ಚೆಗೆ ಬಂದವರಿಗಾಗಿ: ಬಸವನಗುಡಿಯ ನಮ್ಮ ಮನೆಯ ಮಹಡಿಯಲ್ಲಿ ತಿಂಗಳಿಗೊಂದು ಭಾನುವಾರ ಸಂಜೆ ಸೇರುತ್ತೇವೆ. ಜಮಖಾನ ಹಾಸಿ, ಫೋನ್ ಬದಿಗಿಟ್ಟು, ಹೊಸ ಆಲ್ಬಂ ಒಂದನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಕೇಳುತ್ತೇವೆ. ಗಿಟಾರ್ ಹಿಡಿದು, ತಮ್ಮ ಮಾತಿಗೆ ತಾವೇ ಧಾಟಿ ಹಾಕಿ ಹಾಡುವವರ ಆಲ್ಬಂಗಳು. ಈ ಸಲ ಅಮೆರಿಕದ ಜೋಡಿ ಗಿಲಿಯನ್ ವೆಲ್ಚ್ ಮತ್ತು ಡೇವಿಡ್ ರಾಲಿಂಗ್ಸ್ ಅವರ ‘ವುಡ್‌ಲ್ಯಾಂಡ್’, 2024ರದ್ದು. ಗೇಟಿಗೆ ಕಟ್ಟಲು ಒಂದು ಬ್ಯಾನರ್, ಅಂಗಡಿಗಳಲ್ಲಿ ಇಡಲು ಇನ್ನೂರು ಕರಪತ್ರ ಬೇಕು. ಎಲ್ಲವೂ ಕನ್ನಡದಲ್ಲೇ ಇರಬೇಕು ಅನ್ನುವ ಹಟ ನನ್ನದು.

> ‘ಇಂಡಿ’ ಎಂದೇ ಬರೆಯಿರಿ. ಈಗಿನ ಹುಡುಗರಿಗೆಲ್ಲ ಗೊತ್ತು.

ಬರೆದು ನೋಡಿಯಾಯಿತು. ಹೋದ ತಿಂಗಳ ಕರಪತ್ರದಲ್ಲಿ ‘ಇಂಡಿ ಜಾನಪದ ಸಂಜೆ’ ಎಂದು ಹಾಕಿಸಿದ್ದೆ. ಐದೂವರೆಗೆ ಧೋತರ ಉಟ್ಟು, ಬಿಳಿ ಟೋಪಿ ಹಾಕಿದ್ದ ಹಿರಿಯರೊಬ್ಬರು ಮೆಟ್ಟಿಲು ಹತ್ತಿ ಬಂದರು. ವಿಜಯಪುರದ ಕಡೆಯವರು, ಇಲ್ಲಿ ಮಗನ ಮನೆಗೆ ಬಂದಿದ್ದವರು. ಬೇಕರಿಯಲ್ಲಿ ಚೀಟಿ ನೋಡಿ, ಇಂಡಿ ತಾಲ್ಲೂಕಿನ ಪದ ಕೇಳಲು ಸಿಗುತ್ತದೆ ಅಂತ ಆಸೆಯಿಂದ ಬಂದಿದ್ದರು. ಕನ್ನಡ ಓದುವವರಿಗೆ ಇಂಡಿ ಅಂದರೆ ಲಿಂಬೆಹಣ್ಣಿನ ಇಂಡಿ, ಅಲ್ವಾ? ತಪ್ಪು ನನ್ನದೇ. ಕೂರಿಸಿ ಚಹಾ ಕೊಟ್ಟೆ. ಪೂರ್ತಿ ಕೇಳಿಯೇ ಹೋದರು. ಅವರು ಆಡಿದ ಒಂದು ಮಾತಿಗೆ ಆಮೇಲೆ ಬರುತ್ತೇನೆ.

ಇಂಡಿಪೆಂಡೆಂಟ್ ಅನ್ನುವುದರ ಮೊಟಕು ರೂಪಕ್ಕೆ ‘ಸ್ವತಂತ್ರ’ ಸಾಕು. ವೆಲ್ಚ್ ಮತ್ತು ರಾಲಿಂಗ್ಸ್ 2001ರಿಂದಲೂ ‘ಅಕೋನಿ’ ಎಂಬ ತಮ್ಮದೇ ಪುಟ್ಟ ಕಂಪನಿಯಿಂದ ಆಲ್ಬಂ ತರುತ್ತಿದ್ದಾರೆ. ದೊಡ್ಡ ಕಂಪನಿಯ ಹಂಗಿಲ್ಲ ಅನ್ನುವುದಷ್ಟೇ ಅದರ ಅರ್ಥ. ಫೋಕ್‌ಗೆ ಹಾಕಿದ್ದ ಜಾನಪದವನ್ನೂ ಕೈಬಿಡುತ್ತಿದ್ದೇನೆ. ಬೀಸುವ ಪದವನ್ನು ಯಾರು ಕಟ್ಟಿದರು ಅಂತ ಯಾರೂ ಹೇಳಲಾರರು. ಈ ಆಲ್ಬಂಗಳಲ್ಲಿ ಪ್ರತಿ ಹಾಡಿನ ಮೇಲೂ ಕಟ್ಟಿದವರ ಹೆಸರಿದೆ.

> ಸಿಂಗರ್-ಸಾಂಗ್‌ರೈಟರ್‌ಗೆ ವಾಗ್ಗೇಯಕಾರ ಇದೆಯಲ್ಲ. ಇದ್ದ ಪದ ಬಿಟ್ಟು ಹುಡುಕಾಟವೇಕೆ?

ಮೈಸೂರಿನ ಮೇಷ್ಟ್ರ ಈ ಮಾತಿಗೆ ತೂಕವಿದೆ. ಎರಡು ದಿನ ನಾನೂ ಇದನ್ನೇ ಹಾಕೋಣ ಅಂದುಕೊಂಡಿದ್ದೆ. 13ನೇ ಶತಮಾನದ ಶಾರ್ಙ್ಗದೇವ ತನ್ನ ಸಂಸ್ಕೃತ ಸಂಗೀತಶಾಸ್ತ್ರ ಗ್ರಂಥ ‘ಸಂಗೀತರತ್ನಾಕರ’ದಲ್ಲಿ ನೇರವಾಗಿ ಹೇಳುತ್ತಾನೆ: ವಾಕ್ಕನ್ನೂ ಗೇಯವನ್ನೂ ಮಾಡುವವನು ವಾಗ್ಗೇಯಕಾರ. ಹಾಡಿನ ನುಡಿ ‘ಮಾತು’, ಧಾಟಿ ‘ಧಾತು’. ಬೇರೆಯವರ ಧಾತುವಿಗೆ ಮಾತು ಹೊಂದಿಸುವವನಿಗೂ ಹೆಸರಿದೆ, ‘ಕುಟ್ಟಿಕಾರ’ ಅಂತ. ಟ್ಯೂನ್ ಕೇಳಿಸಿಕೊಂಡು ಸಾಲು ಕೂರಿಸುವ ಇಂದಿನ ಸಿನಿಮಾ ಸಾಹಿತಿ ಮಾಡುವುದು ಇದೇ ಕೆಲಸ. ಅಷ್ಟು ಹಿಂದೆ ಇಷ್ಟು ಬಿಡಿಸಿ ಹೇಳಿದ್ದಾರೆ ಅಂತ ಓದಿ ನಿಜಕ್ಕೂ ಖುಷಿಯಾಯಿತು.

ಆದರೆ ಬೆಂಗಳೂರಿನಲ್ಲಿ ವಾಗ್ಗೇಯಕಾರ ಅಂದ ಕೂಡಲೇ ಪುರಂದರದಾಸರು, ತ್ಯಾಗರಾಜರು ಕಣ್ಣಿಗೆ ಬರುತ್ತಾರೆ. ರಾಮನವಮಿ ಪೆಂಡಾಲು ನೆನಪಾಗುತ್ತದೆ. ಬ್ಯಾನರಿನಲ್ಲಿ ಆ ಪದ ನೋಡಿದವರು ಕಛೇರಿ ಇದೆ ಅಂದುಕೊಂಡು ಬರುತ್ತಾರೆ. ಇಂಡಿಯಿಂದ ಆದ ತಪ್ಪೇ ಮತ್ತೆ ಆಗುತ್ತದೆ.

ಶಾಸ್ತ್ರದ ಆ ‘ಮಾತು’ ನಮ್ಮ ಮಾತೇ, ಸಂಸ್ಕೃತ ಅದನ್ನು ಕನ್ನಡದಿಂದ ಕದ್ದಿದೆ ಅಂತ ಒಬ್ಬರು ಏಳು ಓಲೆ ಬರೆದಿದ್ದಾರೆ. ಸರ್, ಎರಡು ಪದ ಒಂದೇ ಥರ ಕೇಳಿಸಿದ ಮಾತ್ರಕ್ಕೆ ಒಂದರಿಂದ ಇನ್ನೊಂದು ಬಂತು ಅನ್ನಲಾಗದು. ಇರಬಹುದು, ಇಲ್ಲದಿರಬಹುದು. ಅದರ ಮೇಲೆ ನನ್ನ ಕರಪತ್ರ ನಿಲ್ಲುವುದಿಲ್ಲ. ಬೇರೆ ಎಳೆ ಶುರುಮಾಡಿ, ಅಲ್ಲಿ ಖಂಡಿತ ಓದುತ್ತೇನೆ.

> ‘ಗಾರ’ ಸಂಸ್ಕೃತದ ‘ಕಾರ’ದಿಂದ ಬಂದದ್ದು. ಹಾಡುಗಾರ ಬೇಡ. ‘ಹಾಡುಗಟ್ಟಿಗ’ ಎನ್ನಿ. ಮುಗಿಯಿತು.

ಮುಗಿಯಲಿಲ್ಲ. ಸಂಧಿ ಸರಿಯಾಗಿದೆ, ಪದ ಬಾಯಲ್ಲಿ ಕೂರುತ್ತಿಲ್ಲ. ಮನೆಯಲ್ಲಿ ಮೂವರಿಗೆ ಓದಲು ಕೊಟ್ಟೆ. ಇಬ್ಬರಿಗೆ ಕಟ್ಟಿಗೆ ನೆನಪಾಯಿತು. ‘ಗಾರ’ವನ್ನು ಹೊರಗೆ ಹಾಕುವುದಾದರೆ ಬಳೆಗಾರ, ಹೂಗಾರ, ಮೋಡಿಗಾರರನ್ನೂ ಕಳಿಸಬೇಕಾಗುತ್ತದೆ. ಕನ್ನಡ ಹಗುರಾಗಲಿ ಅನ್ನುವುದು ನನ್ನ ಆಸೆಯೂ ಹೌದು. ಅದಕ್ಕಾಗಿಯೇ ಯಾರೂ ಆಡದ ಪದವನ್ನು ಗೇಟಿಗೆ ನೇತುಹಾಕಲು ನನಗೆ ಮನಸ್ಸಿಲ್ಲ.

ಈಗ ಆ ಹಿರಿಯರ ಮಾತು. ಅವತ್ತು ನಾವು ಹಾಕಿದ್ದು ಇಂಗ್ಲೆಂಡಿನ ಗಾಯಕಿ ಲಾರಾ ಮಾರ್ಲಿಂಗ್ ಅವರ 2024ರ ‘ಪ್ಯಾಟರ್ನ್ಸ್ ಇನ್ ರಿಪೀಟ್’. ಮಗಳು ಹುಟ್ಟಿದ ಮೇಲೆ ಹೆಚ್ಚಿನಂಶ ಮನೆಯಲ್ಲೇ ಕೂತು ಮಾಡಿದ ಆಲ್ಬಂ ಅದು. ಡ್ರಮ್ಸ್ ಇಲ್ಲವೇ ಇಲ್ಲ. ಬೆರಳು ತಂತಿ ಮೇಲೆ ಜಾರುವುದೂ ಕೇಳುತ್ತದೆ. ಮೊದಲ ಹಾಡಿನಲ್ಲಿ ಕೂಸಿನ ದನಿ ಬಂದಾಗ ಅವರು ಸ್ಪೀಕರ್ ಕಡೆ ಬಾಗಿದರು. ‘ಕೂಸು ಐತಲ್ರಿ ಒಳಗ’ ಅಂದರು. ಭಾಷೆ ಒಂದಕ್ಷರ ಗೊತ್ತಿರಲಿಲ್ಲ. ಕಣ್ಣು ಮುಚ್ಚಿ, ತೊಡೆ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ ಮುಕ್ಕಾಲು ಪಾಲು ಕೇಳಿದ ಮೇಲೆ ನನ್ನ ಕಡೆ ತಿರುಗಿ ಕೇಳಿದರು: ‘ಈಕಿ ತಾನಽ ಕಟ್ಟಿ ತಾನಽ ಹಾಡ್ಯಾಳೇನ್ರಿ?’

ಮೂರು ದಿನದಿಂದ ನಾವು ಹುಡುಕುತ್ತಿರುವುದು ಇದನ್ನೇ. ನಾಮಪದ ಬೇಕು ಅಂತ ಹಟ ಹಿಡಿದು ಕ್ರಿಯಾಪದವನ್ನು ಮರೆತಿದ್ದೆವು. ‘ಕಟ್ಟು’ ಅಂದರೆ ನುಡಿ ಮತ್ತು ಧಾಟಿ ಎರಡೂ ಒಟ್ಟಿಗೆ ಬಂದುಬಿಡುತ್ತವೆ. ಶಿಶುನಾಳ ಶರೀಫರು ಪದ ಕಟ್ಟಿದರು ಅನ್ನುತ್ತೇವೆ. ‘ಬರೆದರು’ ಅಂದರೆ ಏನೋ ಕಡಿಮೆಯಾದ ಹಾಗೆ ಅನ್ನಿಸುತ್ತದೆ. ಲಾವಣಿಯನ್ನೂ ಕಟ್ಟುತ್ತಾರೆ, ಗೀಗೀ ಪದವನ್ನೂ ಕಟ್ಟುತ್ತಾರೆ.

ಹಾಗಿದ್ದರೂ ನಮಗೆ ಇದು ಯಾಕೆ ಹೊಳೆಯಲಿಲ್ಲ? ನನಗನ್ನಿಸುವುದು, ಭಾವಗೀತೆಯ ರೂಢಿಯಿಂದ. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂದಾಗ ಕವಿತೆ ನಿಸಾರ್ ಅಹಮದ್ ಅವರದು, ರಾಗ ಮೈಸೂರು ಅನಂತಸ್ವಾಮಿಯವರದು. ಆ ಕ್ಯಾಸೆಟ್ ಕೇಳುತ್ತಲೇ ನಾನು ಬೆಳೆದೆ, ಅದರ ಬಗ್ಗೆ ನನಗೆ ಪ್ರೀತಿಯೇ ಇದೆ. ಕವರಿನ ಹಿಂದೆ ಸಾಹಿತ್ಯ, ಸಂಗೀತ, ಗಾಯನ ಅಂತ ಮೂರು ಸಾಲು ಓದಿ ಓದಿ, ಹಾಡು ಮೂರು ಜನರ ಕೆಲಸ ಅಂತ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಅದಕ್ಕೂ ಮುಂಚೆ ಏಕತಾರಿ ಹಿಡಿದವರು ಮೂರನ್ನೂ ಒಬ್ಬರೇ ಮಾಡುತ್ತಿದ್ದರು.

> ಅಕೂಸ್ಟಿಕ್ = ಶ್ರಾವ್ಯ. ನಿಘಂಟು ನೋಡಿ.

ನೋಡಿದೆ ಮೇಡಂ. ಗ್ರೀಕ್ ಮೂಲದಲ್ಲಿ ಕೇಳುವಿಕೆಯ ಅರ್ಥ ಇರುವುದು ನಿಜ. ಆದರೆ ಶ್ರಾವ್ಯ ಗಿಟಾರ್ ಅಂದರೆ ಇನ್ನೊಂದು ಗಿಟಾರ್ ಕೇಳಿಸುವುದಿಲ್ಲವೇ? ಮೊದಲು ಗಿಟಾರ್ ಬರೀ ಗಿಟಾರ್ ಆಗಿತ್ತು. 1930ರ ದಶಕದಲ್ಲಿ ಕರೆಂಟಿನ ಗಿಟಾರ್ ಮಾರುಕಟ್ಟೆಗೆ ಬಂದ ಮೇಲೆ ಹಳೆಯದಕ್ಕೆ ಬೇರೆ ಹೆಸರು ಬೇಕಾಯಿತು. ಫಾರಂ ಕೋಳಿ ಬಂದ ಮೇಲೆ ನಮ್ಮ ಕೋಳಿ ನಾಟಿ ಕೋಳಿ ಆಯಿತಲ್ಲ, ಹಾಗೆ. ಮಸಾಲೆ ದೋಸೆ ಇರುವುದರಿಂದ ಸಾದಾ ದೋಸೆ. ಮಗಳಿಗೆ ಗಿಟಾರ್ ತರಲು ಹೋದಾಗ ಅಂಗಡಿಯ ಹುಡುಗ ಕೇಳಿದ್ದು ‘ಕರೆಂಟಿಂದಾ, ಸಾದಾನಾ?’ ಅಂತ. ನಾನು ‘ಸಾದಾ ಗಿಟಾರ್’ ಹಾಕುತ್ತೇನೆ. ಸಾದಾ ಪರ್ಷಿಯನ್ ಮೂಲದ್ದು ಅಂತ ಯಾರಾದರೂ ಬರೆಯುವ ಮುಂಚೆ ನಾನೇ ಹೇಳುತ್ತೇನೆ: ಹೌದು, ಗೊತ್ತಿದೆ.

ಆಲ್ಬಂ ಆಲ್ಬಂ ಆಗಿಯೇ ಇರಲಿ. ಧ್ವನಿಸುರುಳಿ ಅನ್ನಲು ಈಗ ಸುರುಳಿಯೇ ಇಲ್ಲ.

ಎರವಲು ಪದಗಳ ಜಗಳಕ್ಕೆ ನಾನು ಸೇರುವುದಿಲ್ಲ, ಒಂದು ಮಾತು ಮಾತ್ರ ಹೇಳುತ್ತೇನೆ. ಪಿಟೀಲು ಚೌಡಯ್ಯ ಅಂದಾಗ ಪಿಟೀಲು ಹೊರಗಿನ ಪದ ಅಂತ ಈ ಬಳಗದಲ್ಲಿ ಯಾರಿಗಾದರೂ ಕಿವಿ ಚುಚ್ಚಿದೆಯೇ? ಚೌಡಯ್ಯನವರು ಆ ವಾದ್ಯಕ್ಕೆ ಏಳು ತಂತಿ ಕಟ್ಟಿ ತಮ್ಮದಾಗಿಸಿಕೊಂಡರು. ಪದವನ್ನು ನಮ್ಮ ಜನ ಬಾಯಲ್ಲಿ ತಿದ್ದಿ ತಮ್ಮದಾಗಿಸಿಕೊಂಡರು. ಗಿಟಾರಿಗೂ ಅದೇ ಆಗುತ್ತಿದೆ. ‘ಎಲ್ಲವನ್ನೂ ಇಂಗ್ಲಿಷಿನಲ್ಲೇ ಬಿಡಿ, ಸುಮ್ನೆ ಯಾಕೆ ಒದ್ದಾಟ’ ಅಂದವರಿಗೆ ಮಾತ್ರ ನನ್ನ ಕೋಪವಿದೆ. ಆ ಹಿರಿಯರಿಗೆ ಒಂದೇ ಸಾಲಿನಲ್ಲಿ ಆಡಲು ಬಂದದ್ದನ್ನು ಕನ್ನಡದಲ್ಲಿ ಆಗದು ಅನ್ನಬೇಡಿ.

ನಾಳೆ ಅಚ್ಚಿಗೆ ಹೋಗುವುದು ಇದು:

ತಾವೇ ಕಟ್ಟಿ ತಾವೇ ಹಾಡುವವರು
ಹೊಸ ಆಲ್ಬಂ ಕೇಳುವ ಸಂಜೆ
ಎರಡು ದನಿ, ಸಾದಾ ಗಿಟಾರ್
ಗಿಲಿಯನ್ ವೆಲ್ಚ್, ಡೇವಿಡ್ ರಾಲಿಂಗ್ಸ್: ‘ವುಡ್‌ಲ್ಯಾಂಡ್’

ಅವರಿಬ್ಬರೂ ಜೊತೆಗೆ ಕೂತು ಕಟ್ಟುವವರು. ಹಾಗಾಗಿ ‘ತಾವೇ’ ಇಲ್ಲಿ ಮರ್ಯಾದೆಗೂ ಆಯಿತು, ಬಹುವಚನಕ್ಕೂ ಆಯಿತು. ಮೂರನೇ ಸಾಲಿನಲ್ಲಿ ‘ದನಿ’ ಇರಲೋ ‘ಕೊರಳು’ ಮಾಡಲೋ ಅನ್ನುವುದೊಂದೇ ಉಳಿದಿದೆ. ಹತ್ತು ಗಂಟೆಯೊಳಗೆ ತಿಳಿಸಿ. ಕಾಗುಣಿತ ತಪ್ಪಿದ್ದರೂ ಹೇಳಿ. ಆ ಹಿರಿಯರ ಮಗನ ನಂಬರ್ ನನ್ನ ಹತ್ತಿರ ಇದೆ. ಮೊದಲ ಪ್ರತಿ ಅವರಿಗೇ ಕಳಿಸುತ್ತೇನೆ.