‘ಲಿಮಿಟೆಡ್ ಗವರ್ನಮೆಂಟ್’ಗೆ ಕನ್ನಡದಲ್ಲಿ ಏನನ್ನೋಣ? ಜೊತೆಗೆ ‘ಸ್ವಾತಂತ್ರ್ಯ’ದ ತಕರಾರು

ಗೆಳೆಯರೇ, ಒಂದು ಪದ ಮೂರು ದಿನದಿಂದ ತಲೆ ತಿನ್ನುತ್ತಿದೆ. ಪದವಿ ವಿದ್ಯಾರ್ಥಿಗಳಿಗಾಗಿ ಸಂವಿಧಾನ ಸಭೆಯ ಚರ್ಚೆಗಳ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಲಿಮಿಟೆಡ್ ಗವರ್ನಮೆಂಟ್’ ಪುಟಕ್ಕೊಂದು ಸಲ ಬರುತ್ತದೆ.

ಮೊದಲು ‘ಸೀಮಿತ ಸರ್ಕಾರ’ ಎಂದು ಬರೆದೆ. ಕರಡು ಓದಿದ ಗೆಳೆಯ ‘ಯಾವ ಜಿಲ್ಲೆಗೆ ಸೀಮಿತ?’ ಎಂದು ಕೇಳಿದ. ಅವನದು ತಪ್ಪಲ್ಲ, ನಾವು ‘ಈ ರಜೆ ಕೊಡಗಿಗೆ ಸೀಮಿತ’ ಅನ್ನುವವರು. ಆಮೇಲೆ ‘ನಿಯಮಿತ ಸರ್ಕಾರ’ ಅಂದುಕೊಂಡೆ. ಅದು ಇನ್ನೂ ತಮಾಷೆ. ಸಹಕಾರ ಸಂಘಗಳ ಬೋರ್ಡಿನ ಕೊನೆಗೆ ‘ನಿ.’ ಎಂದು ಇರುತ್ತದಲ್ಲ, ಹಾಗೆ ‘ಭಾರತ ಸರ್ಕಾರ ನಿ.’ ಎಂದು ಕಣ್ಣ ಮುಂದೆ ಬಂತು. ಆದರೆ ನಿಯಮಿತ ಅಂದರೆ ಮೂಲದಲ್ಲಿ ನಿಯಮಕ್ಕೆ ಒಳಪಟ್ಟದ್ದು ಅಲ್ವಾ? ನನಗೆ ಬೇಕಾಗಿದ್ದೂ ಅದೇ ಅರ್ಥ. ಬೋರ್ಡುಗಳು, ‘ಮಾತ್ರೆ ನಿಯಮಿತವಾಗಿ ತಗೊಳ್ಳಿ’ ಅನ್ನುವ ಡಾಕ್ಟರುಗಳು ಸೇರಿ ಒಳ್ಳೆಯ ಪದವೊಂದನ್ನು ಬೇರೆ ಕೆಲಸಕ್ಕೆ ಹಚ್ಚಿಬಿಟ್ಟಿದ್ದಾರೆ.

ಇಲ್ಲೇ ನನ್ನ ಅಸಲಿ ಪ್ರಶ್ನೆ ಇರುವುದು. ಇಂಗ್ಲಿಷಿನ ಆ ಒಂದು ಮಾತಿನಲ್ಲಿ ಎರಡು ಅರ್ಥ ಕೂತಿವೆ. ಒಂದು, ಸರ್ಕಾರ ಚಿಕ್ಕದಿರಬೇಕು, ಎಲ್ಲದಕ್ಕೂ ಕೈ ಹಾಕಬಾರದು. ಇನ್ನೊಂದು, ಸರ್ಕಾರ ಎಷ್ಟೇ ದೊಡ್ಡದಿರಲಿ, ಅದಕ್ಕೊಂದು ಮೂಗುದಾರ ಇರಬೇಕು. ಸಮಾಜವಾದವೋ ವ್ಯಕ್ತಿ ಸ್ವಾತಂತ್ರ್ಯವೋ ಎಂದು ಜಗಳ ಬಿದ್ದಾಗಲೆಲ್ಲ ಒಬ್ಬರು ಮೊದಲನೆಯದನ್ನು ಹಿಡಿದುಕೊಂಡು ಮಾತಾಡುತ್ತಾರೆ, ಇನ್ನೊಬ್ಬರು ಎರಡನೆಯದನ್ನು. ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಪದ ಇಟ್ಟರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ ಅಂತ ನನಗನ್ನಿಸುತ್ತದೆ.

ಉದಾಹರಣೆಗೆ 1948ರ ನವೆಂಬರ್ 15. ಸಂವಿಧಾನ ಸಭೆಯಲ್ಲಿ ಸದಸ್ಯ ಕೆ.ಟಿ. ಷಾ ಅವರು ಸಂವಿಧಾನದ ಮೊದಲ ವಿಧಿಯಲ್ಲೇ ‘ಸಮಾಜವಾದಿ’ ಎಂಬ ಪದ ಸೇರಿಸಿ ಅಂದರು. ಅಂಬೇಡ್ಕರ್ ಒಪ್ಪಲಿಲ್ಲ. ಸಮಾಜವಾದ ಕೆಟ್ಟದ್ದು ಅಂತಲ್ಲ. ಸಮಾಜ ಹೇಗಿರಬೇಕು ಎಂಬುದನ್ನು ಕಾಲಕಾಲಕ್ಕೆ ಜನರೇ ತೀರ್ಮಾನಿಸಬೇಕು, ಅದನ್ನು ಸಂವಿಧಾನದಲ್ಲೇ ಬರೆದಿಟ್ಟರೆ ಜನರ ಸ್ವಾತಂತ್ರ್ಯವನ್ನು ಕಿತ್ತುಕೊಂಡ ಹಾಗೆ ಎಂಬುದು ಅವರ ವಾದ. ಸಮಾಜವಾದದ ಅಂಶಗಳು ನಿರ್ದೇಶಕ ತತ್ವಗಳಲ್ಲಿ, ಅಂದರೆ ಆಳುವವರಿಗೆ ಸಂವಿಧಾನ ತೋರುವ ಗುರಿಗಳಲ್ಲಿ, ಹೇಗೂ ಇವೆಯಲ್ಲ ಅಂತಲೂ ಹೇಳಿದರು. ಅಂದರೆ ಅವರು ಕೇಳಿದ್ದು ಚಿಕ್ಕ ಸರ್ಕಾರವನ್ನಲ್ಲ.

ಆ ಪದ ಕೊನೆಗೆ ಬಂದದ್ದು 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, 42ನೇ ತಿದ್ದುಪಡಿಯ ಮೂಲಕ, ಪೀಠಿಕೆಗೆ. ವಿರೋಧ ಪಕ್ಷದ ನಾಯಕರು ಜೈಲಿನಲ್ಲಿದ್ದರು, ಅವರಲ್ಲಿ ಸಮಾಜವಾದಿಗಳೇ ಎಷ್ಟೋ ಜನ! ಅದೇ ತಿದ್ದುಪಡಿ ಲೋಕಸಭೆಯ ಅವಧಿಯನ್ನು 5ರಿಂದ 6 ವರ್ಷಕ್ಕೆ ಏರಿಸಿತು, ಕೋರ್ಟುಗಳ ಕೈಯನ್ನೂ ಕಟ್ಟಿತು. ಪದ ಒಳಗೆ ಬಂತು, ಮೂಗುದಾರ ಸಡಿಲವಾಯಿತು. ಮುಂದೆ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಪದವನ್ನು ತೆಗೆಯಲು ಒಪ್ಪಲಿಲ್ಲ. ನಮ್ಮಲ್ಲಿ ಸಮಾಜವಾದ ಅಂದರೆ ಕಲ್ಯಾಣ ರಾಜ್ಯ, ಇಂಥದ್ದೇ ಆರ್ಥಿಕ ನೀತಿ ಇರಬೇಕು ಎಂದೇನೂ ಅಲ್ಲ ಎಂದು ಅರ್ಥ ಹೇಳಿತು. ಪದಚರ್ಚೆ ನಾವಷ್ಟೇ ಮಾಡುವುದಲ್ಲ ನೋಡಿ.

ಇನ್ನು ‘ಸ್ವಾತಂತ್ರ್ಯ’. ಇಂಗ್ಲಿಷಿನಲ್ಲಿ ಇಂಡಿಪೆಂಡೆನ್ಸ್, ಫ್ರೀಡಂ, ಲಿಬರ್ಟಿ ಎಂದು ಮೂರು ಪದ ಇರುವ ಕಡೆ ನಾವು ಇದೊಂದನ್ನೇ ತಳ್ಳುತ್ತೇವೆ. ದೇಶ ಬಿಡುಗಡೆಯಾದದ್ದೂ ಸ್ವಾತಂತ್ರ್ಯ, ಮಾತಾಡುವ ಹಕ್ಕೂ ಸ್ವಾತಂತ್ರ್ಯ, ನನ್ನ ಪಾಡಿಗೆ ನನ್ನನ್ನು ಬಿಡಿ ಅನ್ನುವುದೂ ಸ್ವಾತಂತ್ರ್ಯ. ಮನೆಯಲ್ಲಿ ಮಾತ್ರ ‘ಇವನಿಗೆ ಸ್ವಾತಂತ್ರ್ಯ ಜಾಸ್ತಿ ಆಯ್ತು’ ಅಂದರೆ ಅದು ಬೈಗುಳ. ‘ಸ್ವೇಚ್ಛೆ’ ಅನ್ನೋಣ ಅಂದರೆ ಅದಕ್ಕೆ ಆಗಲೇ ಕೆಟ್ಟ ಹೆಸರು.

ನಮ್ಮಜ್ಜ ಮಲೆನಾಡಿನ ಗೇಣಿದಾರ. ಗೇಣಿ ಭತ್ತ ಅಳೆಯುವ ಒಡೆಯರ ಮನೆಯ ಕೊಳಗ ದೊಡ್ಡದು, ನಮ್ಮ ಕೊಳಗ ಚಿಕ್ಕದು ಎಂದು ಅಳತೆಯ ಕಥೆ ಹೇಳುತ್ತಿದ್ದರು. ಗೇಣಿದಾರರು ನಡೆಸಿದ 1951ರ ಕಾಗೋಡು ಸತ್ಯಾಗ್ರಹದ ಹಿಂದೆ ಇದ್ದದ್ದೂ ಇದೇ ಕೊಳಗದ ತಕರಾರು. 1974ರ ಭೂಸುಧಾರಣೆ ಬಂದ ಮೇಲೆ ಅಜ್ಜ ಗದ್ದೆ ಉಳುವವ ನಾನೇ ಎಂದು ‘ಡಿಕ್ಲರೇಷನ್’ ಕೊಟ್ಟರು, ಗದ್ದೆ ಅವರ ಹೆಸರಿಗೆ ಆಯ್ತು. ಸರ್ಕಾರ ಇನ್ನೊಬ್ಬರ ಆಸ್ತಿಗೆ ಕೈ ಹಾಕಿದ್ದರಿಂದಲೇ ಅವರಿಗೆ ಬಿಡುಗಡೆ. ಆ ದಿನದ ಬಗ್ಗೆ ಹೇಳುವಾಗ ಅವರು ‘ಸ್ವಾತಂತ್ರ್ಯ’ ಅನ್ನಲಿಲ್ಲ, ‘ಋಣ ಹರೀತು’ ಅನ್ನುತ್ತಿದ್ದರು. ಅದೇ ಅಜ್ಜ ಲೆವಿ ಭತ್ತದ, ಅಂದರೆ ಸರ್ಕಾರ ಹೇಳಿದ ರೇಟಿಗೆ ಕಡ್ಡಾಯವಾಗಿ ಕೊಡಬೇಕಿದ್ದ ಭತ್ತದ ಮಾತು ಬಂದರೆ ಸಿಡಿಮಿಡಿಗೊಳ್ಳುತ್ತಿದ್ದರು. ‘ಬೆಳೆದವ ನಾನು, ರೇಟು ಹೇಳೋಕೆ ಅವ್ರ್ಯಾರು?’ ಎಲ್ಲದಕ್ಕೂ ಸರ್ಕಾರದ ಅಪ್ಪಣೆ ಬೇಕು ಅನ್ನುವ ಆಡಳಿತವನ್ನು ರಾಜಾಜಿ ‘ಲೈಸೆನ್ಸ್-ಪರ್ಮಿಟ್ ರಾಜ್’ ಎಂದು ಬೈದು 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದ್ದು ಅಜ್ಜನಿಗೆ ಗೊತ್ತಿತ್ತೋ ಇಲ್ಲವೋ, ಸಿಟ್ಟು ಮಾತ್ರ ಅದೇ ಜಾತಿಯದ್ದು. ಅವರನ್ನು ಯಾವ ‘ವಾದಿ’ ಅನ್ನುವುದು?

ಮತ್ತೊಂದು ಸಣ್ಣ ಕಾಟ. ‘ರಾಜ್ಯ ನಿರ್ದೇಶಕ ತತ್ವಗಳು’ ಅಂದಾಗ ಹುಡುಗರು ಅದು ಬೆಂಗಳೂರಿನ ಸರ್ಕಾರಕ್ಕೆ ಮಾತ್ರ ಅಂದುಕೊಳ್ಳುತ್ತಾರೆ. ಅಲ್ಲಿ ರಾಜ್ಯ ಅಂದರೆ ಆಳುವ ವ್ಯವಸ್ಥೆ ಪೂರ್ತಿ, ಕೇಂದ್ರವೂ ಸೇರಿ. ನಾನು ‘ಪ್ರಭುತ್ವ’ ಬಳಸುತ್ತಿದ್ದೇನೆ. ಕೊಂಚ ಭಾರ, ಆದರೆ ಗೊಂದಲ ಇಲ್ಲ.

ಸದ್ಯಕ್ಕೆ ನನ್ನ ಕೈಯಲ್ಲಿರುವ ಪದ ‘ಅಂಕೆ’. ‘ಅಂಕೆ ಇಲ್ಲದ ಕಪಿ ಲಂಕೆ ಸುಟ್ಟಿತು’ ಎಂಬ ಗಾದೆಯಿಂದ ಎಲ್ಲರಿಗೂ ಗೊತ್ತು. ‘ಅಂಕೆಯುಳ್ಳ ಸರ್ಕಾರ’ ಎಂದರೆ ನಿಯಮಕ್ಕೆ ಬಗ್ಗುವ ಸರ್ಕಾರ, ಗಾತ್ರದ ಮಾತೇ ಬರುವುದಿಲ್ಲ. ಚಿಕ್ಕ ಸರ್ಕಾರ ಎಂಬ ಅರ್ಥ ಬೇಕಾದಲ್ಲಿ ‘ಮಿತ ಸರ್ಕಾರ’ ಎಂದು ಬೇರೆ ಇಡಬಹುದು. ತೊಂದರೆ ಏನೆಂದರೆ ಅಂಕೆ ಅಂದರೆ ಸಂಖ್ಯೆಯೂ ಹೌದು. ‘ಅಂಕೆಯುಳ್ಳ’ ಓದಿ ಯಾರಾದರೂ ಅಂಕಿ-ಅಂಶ ಇಲಾಖೆ ಅಂದುಕೊಂಡರೆ? ‘ಅಂಕೆಗೊಳಪಟ್ಟ’ ಅಂದರೆ ಆ ಭಯ ಇಲ್ಲ, ಆದರೆ ನಾಲಿಗೆಗೆ ಉದ್ದ.

ಉತ್ತರ ಕರ್ನಾಟಕದವರು, ಕರಾವಳಿಯವರು ಹೇಳಿ: ಅಧಿಕಾರದಲ್ಲಿ ಇರುವವರಿಗೆ ಕಡಿವಾಣ ಹಾಕುವುದಕ್ಕೆ ನಿಮ್ಮ ಕಡೆ ಬಾಯಲ್ಲಿ ಓಡಾಡುವ ಮಾತು ಯಾವುದು? ಶುಕ್ರವಾರ ಕರಡು ಕೊಡಬೇಕು.