ಸಹಾಯ ಬೇಕು: ಪೊಲೀಸ್ ವರದಿಯಿಂದ ಪೆರೋಲ್ ತಿರಸ್ಕೃತ
ಜೀವಾವಧಿ ಕೈದಿಯೊಬ್ಬರ ಪೆರೋಲ್ (ಕೆಲ ದಿನಗಳ ತಾತ್ಕಾಲಿಕ ಬಿಡುಗಡೆ) ಅರ್ಜಿ ಠಾಣೆಯ ಒಂದೇ ಸಾಲಿನಿಂದ ಬಿದ್ದುಹೋಗಿದೆ: 'ಬಿಟ್ಟರೆ ಊರಲ್ಲಿ ಶಾಂತಿಭಂಗವಾಗಬಹುದು.' ಯಾರಿಂದ, ಏಕೆ ಎಂಬುದೇ ಇಲ್ಲ. ಇಂಥ ಒಣ ವರದಿಯನ್ನು ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ ಹಾಕಿ ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು. ತಿರಸ್ಕಾರದ ಹಿಂಬರಹ, ಪೊಲೀಸ್ ವರದಿ, ತಾಯಿಯ ಆಸ್ಪತ್ರೆ ಚೀಟಿಗಳು, ಜಾಮೀನುದಾರರ ಪಹಣಿ ಎಲ್ಲ ಸಿದ್ಧವಿದೆ. ವಕೀಲರ ಫೀಸಿನ ಚಿಂತೆಯಿಲ್ಲ. ಜೈಲಿನಲ್ಲಿರುವವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ (ಸಹಾಯವಾಣಿ 15100).

ಬೇಕಿರುವುದು ಒಂದೇ. ಇಂಥ ವರದಿಯನ್ನು ಬದಿಗಿಟ್ಟು ಧಾರವಾಡ ಪೀಠ ಪೆರೋಲ್ ಕೊಟ್ಟ ಆದೇಶದ ಪ್ರತಿ ಯಾರ ಬಳಿಯಾದರೂ ಇದೆಯೇ? ಮಧ್ಯಂತರ ಜಾಮೀನಿನ ಆದೇಶ ದಯವಿಟ್ಟು ಬೇಡ. ಅದು ಸಾಮಾನ್ಯವಾಗಿ ವಿಚಾರಣಾಧೀನರ ದಾರಿ, ಇವರಿಗೆ ಶಿಕ್ಷೆಯಾಗಿದೆ.

ಪೆರೋಲ್ ದಿನಗಳು ಅವಧಿಪೂರ್ವ ಬಿಡುಗಡೆಗೆ ಬೇಕಾದ 14 ವರ್ಷ ಜೈಲುವಾಸದ ಲೆಕ್ಕಕ್ಕೆ ಸೇರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದ್ದು ಮನೆಯವರಿಗೆ ಗೊತ್ತು.