4294967297 ಅವಿಭಾಜ್ಯವಾ? ನನ್ನ ಪ್ರೋಗ್ರಾಂ 1 ಅಂತಿದೆ!

ಸಂಜೆಕೋಡರ್:
ಫರ್ಮಾ ಸಂಖ್ಯೆಗಳ (2¹ + 1, 2² + 1, 2⁴ + 1, ಹೀಗೆ ಘಾತ ದುಪ್ಪಟ್ಟಾಗ್ತಾ ಹೋಗೋ ಸಾಲು) ಬಗ್ಗೆ ಓದ್ತಾ ಇದ್ದೆ. 3, 5, 17, 257, 65537, ಇಷ್ಟೂ ಅವಿಭಾಜ್ಯ. ಮುಂದಿನದು 2³² + 1, ಅಂದರೆ 4294967297, 429 ಕೋಟಿ ಚಿಲ್ಲರೆ. ಸುಮ್ನೆ ನೋಡೋಣ ಅಂತ ಸಿ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಂ ಬರೆದು, ಅನ್‌ಸೈನ್ಡ್ ಇಂಟ್‌ನಲ್ಲಿ (ಋಣ ಸಂಖ್ಯೆ ಇಲ್ಲದ, 32 ಬಿಟ್‌ನ ಪೂರ್ಣಾಂಕ) ಹಾಕಿ ಪ್ರಿಂಟ್ ಮಾಡಿದರೆ ಬಂದಿದ್ದು 1. ರಾತ್ರಿ ಹನ್ನೊಂದರವರೆಗೆ ಲೂಪ್‌ನಲ್ಲಿ ತಪ್ಪು ಹುಡುಕಿದೆ. ಅದಿರಲಿ, ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದನ್ನು ಹೇಗೆ ಪರೀಕ್ಷೆ ಮಾಡಿದರು? ವರ್ಗಮೂಲವೇ 65536 ದಾಟುತ್ತೆ!

ಹಳೇಕೀಬೋರ್ಡ್:
ಲೂಪ್ ಪಾಪ ಏನು ಮಾಡಿತ್ತು? 32 ಬಿಟ್‌ನಲ್ಲಿ ಹಿಡಿಸೋದು 4294967295ರವರೆಗೆ ಮಾತ್ರ. ಅದಕ್ಕೆ ಒಂದು ಸೇರಿಸಿದರೆ ಗಾಡಿಯ ಮೀಟರ್ 99999 ಆದಮೇಲೆ ಸೊನ್ನೆಗೆ ಬರುವ ಹಾಗೆ 0, ಇನ್ನೊಂದು ಸೇರಿಸಿದರೆ 1. 64 ಬಿಟ್ ಇರುವ ಲಾಂಗ್ ಲಾಂಗ್ ಹಾಕಿ.

ಲೆಕ್ಕದಮೇಷ್ಟ್ರು:
ಗಣಿತಜ್ಞ ಫರ್ಮಾ ಈ ಸಾಲಿನವೆಲ್ಲ ಅವಿಭಾಜ್ಯ ಅಂತಲೇ ನಂಬಿದ್ದ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ 4294967297 ಅನ್ನು 641 × 6700417 ಅಂತ ಒಡೆದು ತೋರಿಸಿದ. ಇದನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, 64ರ ಗುಣಕಕ್ಕಿಂತ 1 ಜಾಸ್ತಿ ಇರಲೇಬೇಕು. ಹಾಗಾಗಿ ನೋಡಬೇಕಾದವು 193, 257, 449, 577, 641. ಐದನೆಯದಕ್ಕೇ ಸಿಕ್ಕಿಬಿತ್ತು!

ನನಗೆ ಜಾಸ್ತಿ ಇಷ್ಟ ಆಗೋದು ಭಾಗಾಕಾರವೇ ಬೇಡದ ದಾರಿ. 641 ಅಂದರೆ 5 × 2⁷ + 1. ಅದೇ 641, 5⁴ + 2⁴ ಕೂಡ ಹೌದು (625 + 16). ಈಗ 5 × 2⁷ ಅನ್ನು 641ರಿಂದ ಭಾಗಿಸಿದರೆ ಶೇಷ −1. ಅದರ ನಾಲ್ಕನೇ ಘಾತ 5⁴ × 2²⁸, ಶೇಷ 1. ಇಲ್ಲಿ 5⁴ ತೆಗೆದು −2⁴ ಇಟ್ಟರೆ ಶೇಷ ಬದಲಾಗಲ್ಲ. ಅಲ್ಲಿಗೆ −2³² ಕೊಡುವ ಶೇಷ 1, ಅಂದರೆ 2³² + 1 ಕೊಡುವ ಶೇಷ ಸೊನ್ನೆ. ಒಂದು ಪೋಸ್ಟ್‌ಕಾರ್ಡಿನಲ್ಲಿ ಮುಗಿಯುತ್ತೆ.

ಸಂಜೆಕೋಡರ್:
ಲಾಂಗ್ ಲಾಂಗ್ ಹಾಕಿದೆ, 641 ಬಂತು! ನಾಚಿಕೆ ವಿಷಯ ಏನಂದ್ರೆ, ನಂಬರ್ 1 ಆಗಿಬಿಡುತ್ತೆ ಅಂತ ಕಂಪೈಲರ್ ಮೊದಲೇ ಎಚ್ಚರಿಸಿತ್ತು, ನಾನೇ ಓದಿರಲಿಲ್ಲ. ಸರ್, 6700417 ಇನ್ನೂ ಒಡೆಯುತ್ತಾ?

ಲೆಕ್ಕದಮೇಷ್ಟ್ರು:
ಇಲ್ಲ, ಅದು ಅವಿಭಾಜ್ಯ. ಅದಕ್ಕೂ 64ರ ನಿಯಮವೇ ಅನ್ವಯ, 2588ರವರೆಗೆ ನೋಡಿದರೆ ಸಾಕು. 641ಕ್ಕಿಂತ ಚಿಕ್ಕವು ಆಗಲೇ ಬಿದ್ದುಹೋದವು. ಉಳಿಯೋದು 641, 769, 1153, 1217, 1409, 1601, 2113, ಏಳೇ ಏಳು. ನಡುವೆ ರಾಮಾನುಜನ್ನರ 1729 ಕೂಡ ಇಣುಕುತ್ತೆ, ಆದರೆ ಅದು 7 × 13 × 19, ಬಿಟ್ಟುಬಿಡಿ. ಪೆನ್ನು ತಗೊಂಡು ಏಳನ್ನೂ ಭಾಗಿಸಿ ನೋಡಿ, ಪ್ರೋಗ್ರಾಂ ಬೇಡ.